ಅಡಿಕೆ ಕೊಳೆ, ಜಾಲತಾಣ, ಡಾಲರ್ ಲೆಕ್ಕ

ಜೂನ್ ಮೊದಲ ವಾರ ಮುಂಗಾರು ಕಾಲಿಡುವ ಹೊತ್ತಿಗೆ ನನ್ನ ಜಾಲತಾಣದ ಒಂದು ಪುಟಕ್ಕೆ ಜನ ನುಗ್ಗುತ್ತಾರೆ. ಅಡಿಕೆಗೆ ಕೊಳೆ ರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಮಾಡಿಕೊಳ್ಳುವುದು ಹೇಗೆ ಎಂಬ ಪುಟ ಅದು. ಆಗಸ್ಟ್ ಮುಗಿಯುವ ತನಕ ಅದರದ್ದೇ ದರ್ಬಾರು. ಮಳೆ ಇಳಿದಂತೆ ಓದುಗರೂ ಇಳಿಯುತ್ತಾರೆ. ಸಾಗರದ ಕಡೆ ತೋಟ ನೋಡಿಕೊಂಡು, ಬಿಡುವಿನಲ್ಲಿ ಕನ್ನಡದಲ್ಲಿ ಕೃಷಿ ಜಾಲತಾಣ ನಡೆಸುವ ನನಗೆ ಈ ಏರಿಳಿತವೇ ಪಂಚಾಂಗ. ‘ಆನ್‌ಲೈನ್‌ನಲ್ಲಿ ದುಡ್ಡು ಮಾಡೋದು ಹ್ಯಾಗೆ?’ ಎಂದು ಕೇಳಿಕೊಂಡು ಬರುವ ಹುಡುಗರಿಗೆ ನಾನು ಮೊದಲು ತೆರೆದು ತೋರಿಸುವುದು ಈ ಪುಟವನ್ನೇ. ಈ ಕಸುಬಿನಲ್ಲಿ ಹೊಸ ಪುಟ ಬರೆಯುವುದರಿಂದ ಹುಟ್ಟುವ ದುಡ್ಡಿಗಿಂತ ಇರುವ ಪುಟವನ್ನು ರಿಪೇರಿ ಮಾಡುವುದರಿಂದ ಹುಟ್ಟುವ ದುಡ್ಡು ಜಾಸ್ತಿ ಎಂದು ಅವರಿಗೆ ಬಾಯಲ್ಲಿ ಹೇಳಿದರೆ ನಂಬಿಕೆ ಬರುವುದಿಲ್ಲ.

ಯಾವ ಪುಟಕ್ಕೆ ರಿಪೇರಿ ಬೇಕೆಂದು ತಿಳಿಯಲು ನೆರವಾಗುವ ಗೂಗಲ್‌ನ ಸರ್ಚ್ ಕನ್ಸೋಲ್ ಉಚಿತ. ಯಾರು ಏನೆಂದು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟನೆಯ ಜಾಗದಲ್ಲಿ ಕಾಣಿಸಿತು, ಎಷ್ಟು ಜನ ಒತ್ತಿ ಒಳಗೆ ಬಂದರು ಎಂಬುದೆಲ್ಲ ಅಲ್ಲಿದೆ. 16 ತಿಂಗಳ ಲೆಕ್ಕ ಇಟ್ಟುಕೊಳ್ಳುವುದರಿಂದ ಹೋದ ಜೂನ್ ಮತ್ತು ಈ ಜೂನನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಕೊಳೆಯ ಪುಟ ಬಹಳ ಕಾಲ ಹುಡುಕಾಟದ ಎರಡನೇ ಪುಟದಲ್ಲಿ ಕೂತಿತ್ತು. ಅಲ್ಲಿಯವರೆಗೆ ಯಾರು ಇಳಿದು ಬರುತ್ತಾರೆ? ಕನ್ಸೋಲ್ ತೆರೆದು ಜನ ಬರೆದ ಪ್ರಶ್ನೆಗಳನ್ನು ಓದಿದೆ. ‘ಬೋರ್ಡೋ ದ್ರಾವಣದ ಮಹತ್ವ’ ಎಂದು ಹುಡುಕಿದವರು ಒಬ್ಬರೂ ಇರಲಿಲ್ಲ. ‘200 ಲೀಟರ್ ಬ್ಯಾರಲ್‌ಗೆ ಮೈಲುತುತ್ತ ಎಷ್ಟು’, ‘ಸುಣ್ಣ ಜಾಸ್ತಿ ಆದರೆ ಏನಾಗುತ್ತೆ’, ‘ಬೋರ್ಡೋ ಮಾಡಿಟ್ಟು ಮಾರನೇ ದಿನ ಹೊಡೆಯಬಹುದಾ’ ಎಂಬಂಥವೇ ಇದ್ದವು. ಬ್ಯಾರಲ್ ಪಕ್ಕ ನಿಂತು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದವನ ಪ್ರಶ್ನೆಗಳು ಅವು. ಕೊನೆಗಾರ ಮರ ಹತ್ತಲು ಕಾಯುತ್ತಿದ್ದಾನೆ, ಮೋಡ ಕಟ್ಟುತ್ತಿದೆ. ಪೀಠಿಕೆ ಓದುವ ವ್ಯವಧಾನ ಅವನಿಗೆಲ್ಲಿ?

ಹಾಗಾಗಿ ಪುಟದ ತಲೆಯ ಮೇಲೆಯೇ ಅಳತೆ ಇಟ್ಟೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. 200 ಲೀಟರ್ ಬ್ಯಾರಲ್ಲಿಗೆ ಎರಡೆರಡು ಕಿಲೋ. ಎರಡನ್ನೂ ಬೇರೆ ಬೇರೆ ಕರಗಿಸಿಕೊಂಡು ಆಮೇಲೆ ಬೆರೆಸಬೇಕು, ಕಬ್ಬಿಣದ ಪಾತ್ರೆ ಕೂಡದು, ಮಾಡಿದ ದಿನವೇ ಹೊಡೆದು ಮುಗಿಸಬೇಕು. ದ್ರಾವಣ ಹದವಾಯಿತೇ ಎಂದು ನೋಡಲು ಉಜ್ಜಿ ಹೊಳಪಾಗಿಸಿದ ಕತ್ತಿಯ ಅಲಗನ್ನು ಅದ್ದುವ ಪದ್ಧತಿ ಇದೆಯಲ್ಲ, ಅದನ್ನೂ ಸೇರಿಸಿದೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು ಎಂದರ್ಥ. ಮಾತಿನಲ್ಲಿ ಹೇಳಿದರೆ ಸಾಲದು ಎಂದು ನಮ್ಮ ಅಂಗಳದಲ್ಲೇ ಎರಡು ಬಕೆಟ್ ದ್ರಾವಣ ಮಾಡಿಸಿ, ಕೆಂಪು ಕೂತ ಅಲಗು, ಕೂರದ ಅಲಗು ಎರಡರ ಫೋಟೋ ತೆಗೆದು ಹಾಕಿದೆ. ಹಳೆಯ ಪೀಠಿಕೆಯನ್ನು ಪೂರ್ತಿ ಕಿತ್ತುಹಾಕಿದೆ. ಮುಂದಿನ ಮಳೆಗಾಲಕ್ಕೆ ಪುಟ ಮೊದಲ ಮೂರರೊಳಗೆ ಬಂತು. ಹೊಸ ಲೇಖನ ಒಂದನ್ನೂ ಬರೆದಿರಲಿಲ್ಲ.

ಕನ್ನಡದಲ್ಲಿ ಜಾಲತಾಣ ಮಾಡುವವರಿಗೆ ಮಾತ್ರ ಎದುರಾಗುವ ಕೆಲವು ತಾಪತ್ರಯಗಳಿವೆ. ಇಂಗ್ಲಿಷಿನವರ ವಿಡಿಯೋ ಪಾಠಗಳಲ್ಲಿ ಅವು ಸಿಗುವುದಿಲ್ಲ. ಮೊದಲನೆಯದು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾದ ಲೇಖನ. ಯೂನಿಕೋಡ್‌ಗೆ ಬದಲಾಯಿಸದೆ ಹಾಕಿದರೆ ಸರ್ಚ್ ಎಂಜಿನ್‌ಗೆ ಅದು ಕನ್ನಡವೇ ಅಲ್ಲ, ಚೆಲ್ಲಾಪಿಲ್ಲಿ ಚಿಹ್ನೆಗಳ ರಾಶಿ. ಎರಡನೆಯದು ಪುಟದ ವಿಳಾಸ. ವಿಳಾಸವನ್ನು ಕನ್ನಡ ಲಿಪಿಯಲ್ಲಿ ಇಟ್ಟರೆ ನೋಡಲು ಚಂದ. ಆದರೆ ಅದನ್ನು ನಕಲಿಸಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದಾಗ ಒಂದೊಂದು ಅಕ್ಷರಚಿಹ್ನೆಯೂ ಶೇಕಡಾ ಗುರುತುಗಳ ಒಂಬತ್ತು ಚಿಹ್ನೆಯಾಗಿ ಹಿಗ್ಗಿ, ಕೊಂಡಿ ಐದಾರು ಸಾಲಿನ ಹಾವಾಗುತ್ತದೆ. ಅಂಥದ್ದನ್ನು ಒತ್ತಲು ನಮ್ಮ ಜನ ಹೆದರುತ್ತಾರೆ, ಹೆದರುವುದೂ ಸರಿಯೇ. ನಾನು ವಿಳಾಸವನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಇಡುತ್ತೇನೆ. ಕಾಗುಣಿತದ್ದು ಇನ್ನೊಂದು ಗೋಳು. ಅಡಿಕೆ ಎನ್ನುವವರಿದ್ದಾರೆ, ಅಡಕೆ ಎನ್ನುವವರಿದ್ದಾರೆ, ಇಂಗ್ಲಿಷ್ ಕೀಲಿಯಲ್ಲೇ ಕನ್ನಡ ಕುಟ್ಟುವವರು ಇಬ್ಬರಿಗಿಂತಲೂ ಹೆಚ್ಚಿದ್ದಾರೆ. ಎಲ್ಲವನ್ನೂ ಪುಟದಲ್ಲಿ ತುರುಕಬೇಕಿಲ್ಲ. ಯಂತ್ರಕ್ಕೆ ಈಗ ಅಷ್ಟು ಬುದ್ಧಿ ಬಂದಿದೆ.

ಪುಟ ತೆರೆಯುವ ವೇಗಕ್ಕೆ ಮಾತ್ರ ರಿಯಾಯಿತಿ ಇಲ್ಲ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ಗುಡ್ಡದ ಸಂದಿಯಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದು ನಿಂತವನಿಗೆ ಅದು ದೂರದ ಮಾತು. ಮೊಬೈಲಿನಲ್ಲಿ ತೆಗೆದ ಫೋಟೋ ನಾಲ್ಕೈದು ಎಂಬಿ ಇರುತ್ತದೆ. ಅದನ್ನು ವೆಬ್‌ಪಿ ರೂಪಕ್ಕೆ ತಂದು 100 ಕೆಬಿಯ ಆಸುಪಾಸಿಗೆ ಇಳಿಸಿದರೆ ರೋಗದ ಚುಕ್ಕೆ ಆಗಲೂ ಸ್ಪಷ್ಟವಾಗಿಯೇ ಕಾಣುತ್ತದೆ. ಒತ್ತಕ್ಷರಗಳಿಂದಾಗಿ ಕನ್ನಡದ ಅಲಂಕಾರಿಕ ಫಾಂಟುಗಳೂ ಭಾರ. ಆಂಡ್ರಾಯ್ಡ್ ಮೊಬೈಲಿನಲ್ಲಿ ಕನ್ನಡದ ಅಕ್ಷರ ಮೊದಲೇ ಇರುವಾಗ ನಾವೊಂದನ್ನು ಹೊರಿಸಿ ಕಳಿಸುವುದು ಯಾಕೆ? ಫಾಂಟ್ ತೆಗೆದುಹಾಕಿದ ಮೇಲೆ ಬೇರೇನೂ ಮಾಡದೆ ಪುಟ ಹಗುರಾಯಿತು.

ಇನ್ನು ದುಡ್ಡಿನ ವಿಷಯ. ಹೆಚ್ಚಿನವರ ಹಾಗೆ ನಾನೂ ಗೂಗಲ್‌ನ ಜಾಹೀರಾತು ಸೇವೆ ಆ್ಯಡ್‌ಸೆನ್ಸ್‌ನಿಂದಲೇ ಶುರು ಮಾಡಿದ್ದು. ಜಾಹೀರಾತುದಾರರು ಹರಾಜಿನಲ್ಲಿ ಕೂಗಿದ ದರದಲ್ಲಿ ನಡುವಿನವರ ಪಾಲು ಕಳೆದು ಸರಿಸುಮಾರು ಶೇಕಡಾ 68 ಜಾಲತಾಣದವನಿಗೆ ಬರುತ್ತದೆ. 2024ರಿಂದ ಲೆಕ್ಕ ಮುಖ್ಯವಾಗಿ ಜಾಹೀರಾತು ಎಷ್ಟು ಸಲ ಕಾಣಿಸಿತು ಎಂಬುದರ ಮೇಲೆ ನಡೆಯುತ್ತದೆ. ಗಳಿಕೆ 10 ಡಾಲರ್ ತಲುಪಿದಾಗ ವಿಳಾಸ ಖಾತ್ರಿಗೆ ಅಂಚೆಯಲ್ಲಿ ಪಿನ್ ಬರುತ್ತದೆ. ನಮ್ಮೂರಿನ ಪೋಸ್ಟ್‌ಮ್ಯಾನ್ ಆ ಪುಟ್ಟ ಲಕೋಟೆಯನ್ನು ಲಾಟರಿ ಬಂದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದಿದ್ದ. 100 ಡಾಲರ್ ದಾಟಿದ ಮೇಲೆ, ಮುಂದಿನ ತಿಂಗಳ 21ರಿಂದ 26ರೊಳಗೆ ಹಣ ಹೊರಡುತ್ತದೆ. ಮೊದಲ ಸಲ ಬ್ಯಾಂಕಿನವರು ‘ಇದು ಎಲ್ಲಿಂದ, ಯಾಕೆ ಬಂತು?’ ಎಂದು ಕರೆಸಿದರೆ ಗಾಬರಿ ಬೇಡ. ವಿದೇಶದಿಂದ ಬರುವ ಹಣಕ್ಕೆ ಉದ್ದೇಶದ ಕೋಡ್ ಬರೆಸಿಕೊಳ್ಳುವುದು ಅವರ ಕೆಲಸ. ಅದರ ಪತ್ರಗಳನ್ನು ಜೋಪಾನ ಮಾಡಿ.

ಆದರೆ 100 ಡಾಲರ್ ತಲುಪುವುದೇ ಕಷ್ಟ. ಕನ್ನಡದ ಓದುಗನಿಗೆ ಹರಾಜಿನಲ್ಲಿ ಕೂಗುವವರು ಕಡಿಮೆ. ಸಾವಿರ ಸಲ ಪುಟ ನೋಡಿದರೆ ನನಗೆ ದಕ್ಕಿದ್ದು ಬಹುತೇಕ 30ರಿಂದ 40 ರೂಪಾಯಿ. ದೀಪಾವಳಿಯ ಆಸುಪಾಸು ಸ್ವಲ್ಪ ಏರುತ್ತದೆ, ಜನವರಿಯಲ್ಲಿ ಮುಗ್ಗರಿಸುತ್ತದೆ. ಲಕ್ಷಗಟ್ಟಲೆ ನೋಟ ತರುವುದು ಹೇಗೆ ಎಂದು ಲೆಕ್ಕ ಹಾಕುವವರೆಲ್ಲ ಹೋಗಿ ಬೀಳುವುದು ದಿನದ ಮಾರುಕಟ್ಟೆ ದರದ ಹಳ್ಳಕ್ಕೆ. ರಾಶಿ, ಬೆಟ್ಟೆ, ಚಾಲಿ, ಗೊರಬಲು ಎಂದು ನಿತ್ಯ ದರ ಹಾಕಿದರೆ ಜನ ಬರುತ್ತಾರೆ, ನಿಜ. ಬಂದವರು ಅಂಕಿ ನೋಡಿ ಅರೆಕ್ಷಣದಲ್ಲಿ ಹೊರಡುತ್ತಾರೆ. ಅದೇ ದರ ಸರ್ಕಾರದ ‘ಕೃಷಿ ಮಾರಾಟ ವಾಹಿನಿ’ ಜಾಲತಾಣದಲ್ಲೂ ಪುಕ್ಕಟೆ ಸಿಗುತ್ತದೆ. ನಾವು ಒಂದು ದಿನ ಜ್ವರ ಬಂದು ಮಲಗಿದರೆ ಪುಟ ಹಳಸುತ್ತದೆ. ನಾನೂ ಹಾಕುತ್ತಿದ್ದ ದಿನದ ದರಗಳನ್ನೆಲ್ಲ ತೆಗೆದು, ಯಾವ ತಿಂಗಳು ದರ ಹೇಗಿರುತ್ತದೆ, ಯಾವ ದರ್ಜೆಗೆ ಯಾಕೆ ಕಡಿತ ಎಂದು ವಿವರಿಸುವ ಒಂದೇ ಪುಟ ಇಟ್ಟುಕೊಂಡೆ. ನೋಟಗಳು ಬಿದ್ದವು, ಕಿಸೆಗೆ ಗೊತ್ತೇ ಆಗಲಿಲ್ಲ.

ನನ್ನ ಕಣ್ಣು ತೆರೆಸಿದ್ದು ದೋಟಿಯ ಪುಟ. ಮರ ಹತ್ತದೆ ನೆಲದಲ್ಲೇ ನಿಂತು ಔಷಧಿ ಹೊಡೆಯುವ, ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಮಲೆನಾಡಿನಲ್ಲೀಗ ಮನೆಮಾತು. ಎಷ್ಟು ಅಡಿಯದ್ದು ಎಷ್ಟು ಭಾರ, ಗಾಳಿಗೆ ಎಷ್ಟು ಬಾಗುತ್ತದೆ, ಕೀಲು ಎಲ್ಲಿ ಸವೆಯುತ್ತದೆ, ವಿದ್ಯುತ್ ತಂತಿ ಹಾದುಹೋದ ಕಡೆ ಅದು ಎಷ್ಟು ಅಪಾಯ ಎಂದೆಲ್ಲ ಸ್ವಂತ ತೋಟದಲ್ಲಿ ಬಳಸಿ ಬರೆದಿದ್ದೆ. ಕೊಳೆಯ ಪುಟದ ಮುಂದೆ ಇದರ ಓದುಗರು ಹತ್ತರಲ್ಲಿ ಒಂದು ಪಾಲೂ ಇಲ್ಲ, ಆ್ಯಡ್‌ಸೆನ್ಸ್ ಲೆಕ್ಕದಲ್ಲಿ ತಿಂಗಳಿಗೆ ಕಾಫಿ ಖರ್ಚು. ಒಂದು ದಿನ ಪಕ್ಕದ ಊರಿನ, ಔಷಧಿ ಹೊಡೆಯುವ ಎಚ್‌ಟಿಪಿ ಪಂಪು, ದೋಟಿ ಮಾರುವ ಅಂಗಡಿಯವರು ಫೋನ್ ಮಾಡಿದರು. ‘ನಿಮ್ಮ ಪೇಜ್ ನೋಡ್ಕಂಡು ಬಂದೆ ಅಂತ ಗಿರಾಕಿ ಬರ್ತಿದಾರೆ ಮಾರಾಯ್ರೆ. ನಮ್ಮದೊಂದು ಬೋರ್ಡು ಹಾಕ್ತೀರಾ?’ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 4,000 ರೂಪಾಯಿ ಎಂದು ಮಾತಾಯಿತು. ಮುಂಬೈಯ ಸಾಬೂನು ಕಂಪನಿಗೆ ಈ ಓದುಗ ಬಿಡಿಗಾಸು. ಈ ಅಂಗಡಿಗೆ ಅವನು ನಾಳೆ ಬೆಳಿಗ್ಗೆ ಗಾಡಿ ತಗೊಂಡು ಬರುವ ಗಿರಾಕಿ. ಆಮೇಲಿಂದ ನಾನು ಸರ್ಚ್ ಕನ್ಸೋಲ್ ಓದುವ ರೀತಿಯೇ ಬದಲಾಯಿತು. ‘ಎಂದರೇನು’ ಎಂದು ಕೊನೆಯಾಗುವ ಹುಡುಕಾಟಕ್ಕಿಂತ ‘ಯಾವುದು ಒಳ್ಳೇದು’, ‘ಎಲ್ಲಿ ಸಿಗುತ್ತೆ’, ‘ಎಷ್ಟು’ ಎಂದು ಕೊನೆಯಾಗುವ ಹುಡುಕಾಟದ ಪುಟಗಳನ್ನೇ ಮೊದಲು ರಿಪೇರಿಗೆ ತೆಗೆದುಕೊಳ್ಳುತ್ತೇನೆ.

ಹೀಗೆ ಹಣ ಪಡೆದು ಹಾಕಿದ ಕೊಂಡಿಯನ್ನು ‘ಪ್ರಾಯೋಜಿತ’ ಎಂದು ಓದುಗನಿಗೂ ಯಂತ್ರಕ್ಕೂ ತಿಳಿಯುವಂತೆ ಗುರುತು ಹಾಕಬೇಕು. ಗೂಗಲ್ 2019ರಲ್ಲಿ ಅದಕ್ಕೆಂದೇ ಒಂದು ಗುರುತನ್ನು ತಂದಿತು. ಜಾಲತಾಣ ಸ್ವಲ್ಪ ಮೇಲೆ ಬಂದ ಕೂಡಲೇ ಇನ್ನೊಂದು ಜಾತಿಯ ಮಿಂಚಂಚೆ ಶುರುವಾಗುತ್ತದೆ. ‘ನಿಮ್ಮ ಲೇಖನದ ನಡುವೆ ನಮ್ಮದೊಂದು ಕೊಂಡಿ ಹಾಕಿ, ಇಷ್ಟು ಡಾಲರ್ ಕೊಡುತ್ತೇವೆ, ಪ್ರಾಯೋಜಿತ ಎಂದು ಬರೆಯುವುದು ಬೇಡ’ ಎನ್ನುತ್ತಾರೆ. ಬಿಚ್ಚಿ ನೋಡಿದರೆ ಬೆಟ್ಟಿಂಗ್, ಇಲ್ಲವೇ ಕ್ಯಾಸಿನೊ. ಅವರು ಕೊಡುತ್ತೇವೆನ್ನುವ ಹಣ ಕೆಲವೊಮ್ಮೆ ನನ್ನ ಒಂದು ತಿಂಗಳ ಗಳಿಕೆಗಿಂತ ದೊಡ್ಡದು. ಆದರೆ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಪ್ರಕಾರ ಹಣ ಕಟ್ಟಿ ಆಡುವ ಆಟಗಳ ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಹುಡುಕಾಟದ ಪಟ್ಟಿಯಿಂದ ಜಾಲತಾಣ ಮಾಯವಾಗುವುದು ಬೇರೆ.

ಖರ್ಚಿನ ಕಡೆ ಹೆಚ್ಚೇನಿಲ್ಲ. ಡೊಮೈನ್ ಹೆಸರಿಗೆ ವರ್ಷಕ್ಕೆ ಸಾವಿರದ ಆಸುಪಾಸು, ಹೋಸ್ಟಿಂಗ್ ಅದಕ್ಕಿಂತ ಜಾಸ್ತಿ. ಮೊದಲ ವರ್ಷದ ಅಗ್ಗದ ದರ ನೋಡಿ ಮರುಳಾಗದೆ ನವೀಕರಣದ ದರ ಎಷ್ಟು ಎಂದು ಮೊದಲೇ ಓದಿ. ನನಗೆ ಎರಡನೇ ಸಲ ಬಂದ ಬಿಲ್ಲು ಮೊದಲಿನದರ ಮೂರು ಪಟ್ಟಿತ್ತು. ಹೆಸರು ನಿಮ್ಮದೇ ಖಾತೆಯಲ್ಲಿ, ನಿಮ್ಮದೇ ಮಿಂಚಂಚೆಯಲ್ಲಿ ಇರಲಿ, ಜಾಲತಾಣ ಮಾಡಿಕೊಟ್ಟವನ ಹೆಸರಲ್ಲಿ ಬೇಡ. ‘ಒಂದೇ ತಿಂಗಳಲ್ಲಿ ಮೊದಲ ಸ್ಥಾನಕ್ಕೆ ತರುತ್ತೇವೆ’ ಎನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಆ ಸ್ಥಾನ ಮಾರುವ ಅಧಿಕಾರ ಅವರಿಗೆ ಯಾರೂ ಕೊಟ್ಟಿಲ್ಲ.

ಈಗ ಹೊಸ ತಲೆನೋವು ಕೃತಕ ಬುದ್ಧಿಮತ್ತೆ. 2024ರ ಆಗಸ್ಟ್‌ನಲ್ಲಿ ಭಾರತದ ಗೂಗಲ್ ಹುಡುಕಾಟದಲ್ಲೂ ಮೇಲ್ಗಡೆಯೇ ಯಂತ್ರ ಬರೆದ ಉತ್ತರ ಕಾಣಿಸತೊಡಗಿತು. ಕೊಳೆಯ ಪುಟ ಹುಡುಕಾಟದಲ್ಲಿ ಮೊದಲಿನಷ್ಟೇ ಕಾಣಿಸುತ್ತಿದೆ, ಒತ್ತಿ ಬರುವವರು ಕಡಿಮೆಯಾಗಿದ್ದಾರೆ. 100 ಲೀಟರಿಗೆ ಒಂದು ಕಿಲೋ ಎಂಬುದನ್ನು ಯಂತ್ರ ಅಲ್ಲೇ ಹೇಳಿಬಿಟ್ಟ ಮೇಲೆ ಒಳಗೆ ಬರುವ ದರ್ದು ಯಾರಿಗಿದೆ? ದೋಟಿಯ ಪುಟಕ್ಕೆ ಆ ಪೆಟ್ಟು ಬಿದ್ದಿಲ್ಲ, ಸವೆದ ಕೀಲಿನ ಫೋಟೋ ಯಂತ್ರದ ಬಳಿ ಇಲ್ಲ. ಹಾಗೆಂದು ಇದು ಶಾಶ್ವತ ಎಂದು ನಾನು ಭರವಸೆ ಕೊಡಲಾರೆ. ಒಂದೇ ಪುಟದ ಮೇಲೆ ಮನೆ ನಡೆಸುವ ಯೋಚನೆ ಇದ್ದವರು ಸದ್ಯ ಇರುವ ಕೆಲಸ ಬಿಡಬೇಡಿ.

ತೆರಿಗೆಯ ವಿಷಯ ನಮ್ಮಂಥ ತೋಟದವರಿಗೆ ಹೆಚ್ಚು ತೊಡಕು. ‘ಅಡಿಕೆ ಬಗ್ಗೆಯೇ ಬರೆದು ಬಂದ ದುಡ್ಡು, ಅದೂ ಕೃಷಿ ಆದಾಯವೇ ಅಲ್ವಾ?’ ಎಂದು ನಾನು ಲೆಕ್ಕಪರಿಶೋಧಕರ ಮುಂದೆ ವಾದಿಸಿ ನೋಡಿದೆ. ಅವರು ಕನ್ನಡಕ ತೆಗೆದು ನಕ್ಕರು. ‘ಅಡಿಕೆ ಬಿಟ್ಟಿದ್ದು ಮರದಲ್ಲಿ, ಈ ದುಡ್ಡು ಬಿಟ್ಟಿದ್ದು ಕಂಪ್ಯೂಟರ್‌ನಲ್ಲಿ. ಇದು ವ್ಯಾಪಾರ.’ ಅಂದರೆ ಜಾಲತಾಣದ ಗಳಿಕೆಗೆ ತೆರಿಗೆ ಉಂಟು. ಬೇರೆ ಆದಾಯ ತೆರಿಗೆಯ ಮಿತಿ ದಾಟಿದರೆ, ದರ ಲೆಕ್ಕ ಹಾಕುವಾಗ ವಿನಾಯಿತಿ ಇರುವ ತೋಟದ ಆದಾಯವನ್ನೂ ಸೇರಿಸಿಕೊಳ್ಳುತ್ತಾರೆ. 1961ರ ಕಾಯ್ದೆಯ 44ಎಡಿ ಕಲಮಿನಲ್ಲಿ ಬ್ಯಾಂಕ್ ಮೂಲಕ ಬಂದ ವಹಿವಾಟಿನ ಶೇಕಡಾ 6ನ್ನು ಲಾಭವೆಂದು ತೋರಿಸುವ ಸರಳ ದಾರಿ ಇತ್ತು. ಆದರೆ ಬೇರೆಯವರ ಸರಕು ಮಾರಿಸಿ ಕಮಿಷನ್ ಪಡೆಯುವವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಕೃಷಿ ಆದಾಯ 5,000 ರೂಪಾಯಿ ದಾಟಿದವರು ಚಿಕ್ಕ ಐಟಿಆರ್-4 ತುಂಬುವಂತೆಯೂ ಇರಲಿಲ್ಲ. 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆ ಬಂದು ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಯಾವ ಫಾರಂ ಎಂದು ಕೇಳಿಕೊಂಡೇ ತುಂಬಿ. ನಾನು ಪುಟದ ಜಾಹೀರಾತಿಗೆ ಬೇರೆ, ಅಂಗಡಿಯವರು ಕೊಡುವುದಕ್ಕೆ ಬೇರೆ ರಸೀದಿ ಪುಸ್ತಕ ಇಟ್ಟಿದ್ದೇನೆ. ತೋಟದ ಹಣ ಬರುವ ಸೊಸೈಟಿ ಖಾತೆಗೆ ಇವೆರಡನ್ನೂ ಸೇರಿಸುವುದಿಲ್ಲ. ಅಂಗಡಿಯವರು ಈ ವರ್ಷ ಏಪ್ರಿಲ್‌ನಲ್ಲೇ ಫೋನ್ ಮಾಡಿ, ಬ್ಯಾಟರಿ ಪಂಪಿಗೂ ಒಂದು ಪುಟ ಬರೆಯಿರಿ ಎಂದಿದ್ದಾರೆ. ಪಂಪು ಕೊಡಿ, ಒಂದು ಮಳೆಗಾಲ ಹೊಡೆದು ನೋಡಿ ಬರೆಯುತ್ತೇನೆ ಎಂದಿದ್ದೇನೆ.