ಆನುವಂಶಿಕ ರಕ್ತರೋಗವಿರುವ ಮಧುಮೇಹಿಗಳಲ್ಲಿ ಸಕ್ಕರೆಯ ಅಳತೆ

ಪ್ರಶ್ನೆ: ಸಿಕಲ್ ಸೆಲ್ ರೋಗವೂ ಮಧುಮೇಹವೂ ಇರುವವರಲ್ಲಿ ಊಟದ ನಂತರದ ಸಕ್ಕರೆ 200 ದಾಟುತ್ತಿದ್ದರೂ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಶೇ 5.6 ಎಂದು ಬರುವುದೇಕೆ? ಯಾವುದನ್ನು ನಂಬಬೇಕು?

ಉತ್ತರ: ಇಂಥವರಲ್ಲಿ ನಂಬಬೇಕಾದುದು ಸಕ್ಕರೆಯ ನೇರ ಅಳತೆಯನ್ನು. ಕೆಂಪು ರಕ್ತಕಣದೊಳಗಿನ ಹಿಮೊಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆಯೆಂದು ಶೇಕಡಾವಾರು ತಿಳಿಸುವ ಎಚ್‌ಬಿಎ1ಸಿ, ಆ ಕಣ ಸುಮಾರು 120 ದಿನ ಬದುಕುತ್ತದೆಂಬ ಆಧಾರದ ಮೇಲೆಯೇ ನಿಂತಿದೆ. ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ ಬೇಗನೆ ಒಡೆಯುವ ಸಿಕಲ್ ಸೆಲ್ ರೋಗದಲ್ಲಿ ಆ ಆಯುಷ್ಯ 10ರಿಂದ 20 ದಿನಗಳಿಗೆ ಇಳಿಯುವುದರಿಂದ, ಸಕ್ಕರೆ ಅಂಟಲು ಕಾಲಾವಕಾಶ ಸಾಲದೆ ಫಲಿತಾಂಶ ವಾಸ್ತವಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಈ ಅಂಕಿಯನ್ನು ನೆಚ್ಚಿ ಚಿಕಿತ್ಸೆಯನ್ನು ಸಡಿಲಿಸಿದರೆ ಕಣ್ಣು, ಮೂತ್ರಪಿಂಡ ಮತ್ತು ನರಗಳಿಗೆ ಸದ್ದಿಲ್ಲದೆ ಹಾನಿಯಾಗುತ್ತದೆ. ತೀವ್ರ ರಕ್ತಹೀನತೆಯಿದ್ದಾಗ ಕೆಲವು ಗ್ಲುಕೋಮೀಟರ್‌ಗಳು ಸಕ್ಕರೆಯನ್ನು ಹೆಚ್ಚಾಗಿ ತೋರಿಸುವುದರಿಂದ, ಆಗಾಗ ಪ್ರಯೋಗಾಲಯದಲ್ಲಿ ಅಭಿಧಮನಿಯ ರಕ್ತವನ್ನು ಪರೀಕ್ಷಿಸಿ ತಾಳೆ ನೋಡಬೇಕು.

ಪ್ರಶ್ನೆ: ಇತರ ರಕ್ತರೋಗಗಳಲ್ಲೂ ಹೀಗಾಗುತ್ತದೆಯೇ?

ಉತ್ತರ: ಆಗುತ್ತದೆ. ಕೆಂಪು ಕಣವನ್ನು ಕಾಪಾಡುವ ಕಿಣ್ವದ ಅಭಾವವಾದ ಜಿ6ಪಿಡಿ ಕೊರತೆಯಲ್ಲೂ ಫಲಿತಾಂಶ ಕಡಿಮೆ ಬರಬಹುದು. ಹಿಮೊಗ್ಲೋಬಿನ್ ಸರಿಯಾಗಿ ತಯಾರಾಗದ ಥಲಸ್ಸೇಮಿಯಾದ ತೀವ್ರ ರೂಪದಲ್ಲಿ ಪದೇ ಪದೇ ರಕ್ತ ಪಡೆಯುವವರ ಎಚ್‌ಬಿಎ1ಸಿಯಲ್ಲಿ ದಾನಿಯ ರಕ್ತದ ಪಾಲೂ ಸೇರಿರುತ್ತದೆ. ಅವರಲ್ಲಿ ಶೇಖರಗೊಂಡ ಕಬ್ಬಿಣ ಮೇದೋಜೀರಕ ಗ್ರಂಥಿಯನ್ನು ಕೆಡಿಸಿ ಮಧುಮೇಹವನ್ನೇ ತರಬಲ್ಲದಾದ್ದರಿಂದ ಈ ಎಚ್ಚರ ಇನ್ನಷ್ಟು ಅಗತ್ಯ. ರೋಗವಿಲ್ಲದೆ ಸಿಕಲ್ ಸೆಲ್ ಗುಣವನ್ನು ಮಾತ್ರ ಹೊತ್ತ ವಾಹಕರಲ್ಲಿ, ಪ್ರಯೋಗಾಲಯದ ವಿಧಾನಕ್ಕೆ ಆ ಹಿಮೊಗ್ಲೋಬಿನ್ ಅಡ್ಡಿಪಡಿಸದಿದ್ದರೆ, ಎಚ್‌ಬಿಎ1ಸಿಯನ್ನು ಸಾಮಾನ್ಯವಾಗಿ ಬಳಸಬಹುದು.

ಪ್ರಶ್ನೆ: ಹಾಗಾದರೆ ನಿಯಂತ್ರಣವನ್ನು ಅಳೆಯುವುದು ಹೇಗೆ?

ಉತ್ತರ: ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ಸಕ್ಕರೆಯನ್ನು ನಿಯಮಿತವಾಗಿ ಬರೆದಿಡುವುದು ಮೊದಲ ದಾರಿ. ರಕ್ತದ ಪ್ರೋಟೀನುಗಳಿಗೆ ಅಂಟಿದ ಸಕ್ಕರೆಯನ್ನು ಅಳೆಯುವ ಫ್ರಕ್ಟೋಸಮೈನ್ ಪರೀಕ್ಷೆಯು ಕೆಂಪು ಕಣದ ಆಯುಷ್ಯವನ್ನು ಅವಲಂಬಿಸದೆ ಹಿಂದಿನ ಎರಡು ಮೂರು ವಾರಗಳ ಸ್ಥಿತಿಯನ್ನು ತಿಳಿಸುತ್ತದೆಯಾದರೂ, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆಯಿಂದ ಪ್ರೋಟೀನು ಕುಸಿದಿರುವವರಲ್ಲಿ ಅದೂ ತಪ್ಪುತ್ತದೆ. ಚರ್ಮದಡಿಯ ದ್ರವದಲ್ಲಿ ಸಕ್ಕರೆಯನ್ನು ಹಗಲಿರುಳು ಅಳೆಯುವ ಸೆನ್ಸರ್ ಸಾಧನ ದುಬಾರಿಯಾದರೂ ಬಹಳ ಉಪಯುಕ್ತ.

ಕರ್ನಾಟಕದಲ್ಲಿ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ರೋಗ ಕಂಡುಬರುವುದರಿಂದ, ಅಲ್ಲಿ ಎಚ್‌ಬಿಎ1ಸಿಯೂ ನೇರ ಅಳತೆಯೂ ಹೊಂದದಿದ್ದಾಗ ಔಷಧಿಯನ್ನು ಬದಲಿಸುವ ಮೊದಲು ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ರಕ್ತರೋಗವಿರುವುದು ತಿಳಿದವರು ಅದನ್ನು ವೈದ್ಯರಿಗೂ ಪ್ರಯೋಗಾಲಯದವರಿಗೂ ತಪ್ಪದೆ ಹೇಳಬೇಕು.