ಅಂತರರಾಷ್ಟ್ರೀಯ ಒಪ್ಪಂದಗಳೂ ನಮ್ಮ ಮಾಳಢೋಕ ಹಕ್ಕಿಯೂ

ಒಂದೇ ಹಳ್ಳದ ನೀರನ್ನು ನಾಲ್ಕು ಹೊಲದವರು ಬಳಸುವಾಗ ಪಾಳಿಯ ಕರಾರು ಬೇಕಾಗುತ್ತದೆ. ಮೇಲಿನ ಹೊಲದವನು ಒಡ್ಡು ಕಟ್ಟಿ ನೀರನ್ನೆಲ್ಲ ತಾನೇ ಹಿಡಿದುಕೊಂಡರೆ ಕೆಳಗಿನವನ ಪೈರು ಒಣಗುತ್ತದೆ. ಆದ್ದರಿಂದ ಹಿರಿಯರು ಕೂಡಿ ಪಾಳಿ ಗೊತ್ತುಮಾಡುತ್ತಾರೆ, ಎಲ್ಲರೂ ಅದಕ್ಕೆ ನಡೆದುಕೊಳ್ಳುತ್ತಾರೆ. ದೇಶದೇಶಗಳ ನಡುವೆಯೂ ಇಂತಹ ಕರಾರು ಬೇಕು. ಹಾರುವ ಹಕ್ಕಿ, ಈಜುವ ಮೀನು, ಬೀಸುವ ಗಾಳಿ ಗಡಿಯ ಕಲ್ಲನ್ನು ನೋಡುವುದಿಲ್ಲ. ಒಂದು ದೇಶ ಸಾಕಿದ್ದನ್ನು ಪಕ್ಕದ ದೇಶ ಕೊಂದರೆ ಸಾಕಿದ ಶ್ರಮವೆಲ್ಲ ವ್ಯರ್ಥವೇ ಸರಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತ ಬೆಳೆಯುವ ಗಡಿನಾಡಿನ ಮಕ್ಕಳಾದ ನಿಮಗೆ ಈ ಮಾತು ಬೇಗ ತಿಳಿಯಬೇಕು.

ನಿಸರ್ಗರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದಗಳೆಂದರೇನು, ಅವು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಸೋಲುತ್ತವೆ ಎಂಬುದನ್ನು ನಮ್ಮ ಜಿಲ್ಲೆಯ ಒಂದು ಹಕ್ಕಿಯ ಮೂಲಕ ನೋಡೋಣ.

ಹಕ್ಕಿಯ ಪರಿಚಯ

ಮರಾಠಿಯಲ್ಲಿ ಮಾಳಢೋಕ, ಬಳ್ಳಾರಿ ಸೀಮೆಯ ಕನ್ನಡದಲ್ಲಿ ಎರ್ಲಡ್ಡು ಎಂದು ಕರೆಯುವ ಈ ಹಕ್ಕಿ ಸುಮಾರು ಒಂದು ಮೀಟರ್ ಎತ್ತರ ನಿಲ್ಲುತ್ತದೆ. ಗಂಡು ಹದಿನೈದು ಕಿಲೋದಷ್ಟು ತೂಗಬಲ್ಲದು. ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರವಾದವುಗಳ ಸಾಲಿಗೆ ಇದು ಸೇರುತ್ತದೆ. ಇದಕ್ಕೆ ದಟ್ಟ ಕಾಡು ಬೇಡ. ಒಣ ಹುಲ್ಲಿನ ಬಯಲು ಬೇಕು. ಮಿಡತೆ, ಜೀರುಂಡೆ, ಹಲ್ಲಿ, ಬೋರೆಹಣ್ಣು, ಕಾಳುಕಡಿ ಇದರ ಆಹಾರ. ಮಿಡತೆ ತಿನ್ನುವ ಕಾರಣ ಇದು ರೈತನ ಮಿತ್ರನೂ ಹೌದು. ಹೆಣ್ಣು ಗೂಡು ಕಟ್ಟದೆ ಬರಿಯ ನೆಲದ ಮೇಲೆ, ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಅದನ್ನು ನಾಯಿಯೋ ನರಿಯೋ ತಿಂದರೆ, ದನದ ಕಾಲಿಗೆ ಸಿಕ್ಕರೆ, ಆ ವರ್ಷದ ಸಂತಾನ ಹೋದಂತೆಯೇ.

1969ರಲ್ಲಿ ದೇಶದಲ್ಲಿ ಇಂತಹ ಸುಮಾರು 1,260 ಹಕ್ಕಿಗಳಿದ್ದವೆಂದು ಅಂದಾಜು ಮಾಡಲಾಗಿತ್ತು. ಈಗ ಬಯಲಿನಲ್ಲಿ ಉಳಿದಿರುವುದು ನೂರೈವತ್ತಕ್ಕೂ ಕಡಿಮೆ, ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಕಡೆಯವು. ನಮ್ಮ ಸೊಲ್ಲಾಪುರದ ಉತ್ತರಕ್ಕಿರುವ ನಾನ್ನಜದಲ್ಲಿ, ಹಿಂದಿನ ಕರ್ನೂಲು (ಇಂದಿನ ನಂದ್ಯಾಲ) ಜಿಲ್ಲೆಯ ರೋಳ್ಳಪಾಡಿನಲ್ಲಿ, ಬಳ್ಳಾರಿಯ ಸಿರುಗುಪ್ಪದಲ್ಲಿ ಅಪರೂಪಕ್ಕೆ ಒಂದೆರಡು ಕಂಡರೆ ಅದೇ ದೊಡ್ಡ ಸುದ್ದಿ. ಈ ಮೂರೂ ಕನ್ನಡ ಕಿವಿಗೆ ಬೀಳುವ ಸೀಮೆಗಳೇ ಎಂಬುದನ್ನು ಗಮನಿಸಿರಿ.

ಒಪ್ಪಂದಗಳ ಹುಟ್ಟು

1972ರ ಜೂನ್ ತಿಂಗಳಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಜರುಗಿತು. ಆಗಿನ ಪ್ರಧಾನಿ ಇಂದಿರಾ ಗಾಂಧಿಯವರು ಅಲ್ಲಿ ಮಾತನಾಡಿದರು. ಅದೇ ವರ್ಷ ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಮಾಳಢೋಕ ಅದರ ಮೊದಲ ಅನುಸೂಚಿಯಲ್ಲಿದೆ. ಆ ಕಾಲದ ಮುಖ್ಯ ಒಪ್ಪಂದಗಳು ಹೀಗಿವೆ:

1. ರಾಮ್ಸಾರ್ ಒಪ್ಪಂದ: 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದದ್ದು. ಕೆರೆ, ಜೌಗು, ಅಳಿವೆ ಮುಂತಾದ ಜಲಭೂಮಿಗಳ ರಕ್ಷಣೆ ಇದರ ಉದ್ದೇಶ.

2. ಸೈಟಿಸ್ ಒಪ್ಪಂದ: 1973ರ ಮಾರ್ಚ್ 3ರಂದು ವಾಷಿಂಗ್ಟನ್ನಿನಲ್ಲಿ ಆದದ್ದು. ಅಳಿವಿನಂಚಿನ ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಇದು ಲಗಾಮು ಹಾಕುತ್ತದೆ. ಭಾರತ 1976ರಲ್ಲಿ ಸೇರಿತು.

3. ಬಾನ್ ಒಪ್ಪಂದ: 1979ರ ಜೂನ್ 23ರಂದು ಜರ್ಮನಿಯ ಬಾನ್ ನಗರದಲ್ಲಿ ಆದದ್ದು. ಗಡಿ ದಾಟಿ ವಲಸೆ ಹೋಗುವ ಜೀವಿಗಳ ರಕ್ಷಣೆಗಾಗಿ ಇದೆ. ಭಾರತ 1983ರಿಂದ ಸದಸ್ಯ.

4. ಜೀವವೈವಿಧ್ಯ ಒಪ್ಪಂದ: 1992ರಲ್ಲಿ ಬ್ರೆಜಿಲಿನ ರಿಯೋ ನಗರದಲ್ಲಿ ಸಹಿಗೆ ತೆರೆದದ್ದು. ಇದರ ಫಲವಾಗಿ ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯಿದೆ ಆಯಿತು.

ಕೆಲಸ ಮಾಡುವ ಬಗೆ

ಪ್ರತಿನಿಧಿ ಹೋಗಿ ಸಹಿ ಹಾಕಿದ ಮಾತ್ರಕ್ಕೆ ದೇಶ ಒಪ್ಪಂದಕ್ಕೆ ಬದ್ಧವಾಗಿಬಿಡುವುದಿಲ್ಲ. ಸಹಿ ಎಂಬುದು ನಿಶ್ಚಯದ ವೀಳ್ಯದಂತೆ. ಬಳಿಕ ಸರಕಾರ ವಿಧಿಪೂರ್ವಕವಾಗಿ ಅನುಮೋದಿಸಬೇಕು, ಅದು ಲಗ್ನವಿದ್ದಂತೆ. ಆಮೇಲೆ ಮನೆ ನಡೆಸುವ ಹೊಣೆ ಬರುತ್ತದೆ, ಅಂದರೆ ಕಾನೂನು ಮಾಡಬೇಕು. ಒಪ್ಪಂದಗಳನ್ನು ಜಾರಿಗೆ ತರಲು ಇಡೀ ದೇಶಕ್ಕೆ ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನದ 253ನೆಯ ಅನುಚ್ಛೇದ ಸಂಸತ್ತಿಗೆ ಕೊಟ್ಟಿದೆ. ಸೈಟಿಸ್ ನಿಯಮಗಳಿಗಾಗಿ ಪ್ರತ್ಯೇಕ ಅಧ್ಯಾಯವು ನಮ್ಮ ವನ್ಯಜೀವಿ ಕಾಯಿದೆಗೆ ಸೇರಿದ್ದು 2022ರ ತಿದ್ದುಪಡಿಯಲ್ಲಿ. ಸದಸ್ಯನಾಗಿ ನಾಲ್ವತ್ತಾರು ವರ್ಷಗಳ ಮೇಲೆ! ಮಾತಿಗೂ ಕೃತಿಗೂ ಎಷ್ಟು ದೂರವಿರಬಹುದೆಂಬುದಕ್ಕೆ ಇದೊಂದು ನಿದರ್ಶನ.

ಒಪ್ಪಂದಗಳ ಜೀವಾಳ ಅವುಗಳ ಪಟ್ಟಿಯಲ್ಲಿದೆ. ಸೈಟಿಸ್‌ನ ಮೊದಲ ಪಟ್ಟಿಯಲ್ಲಿರುವ ಜೀವಿಗಳ ವಾಣಿಜ್ಯ ವ್ಯಾಪಾರವನ್ನು ದೇಶದೇಶಗಳ ನಡುವೆ ನಡೆಸುವಂತಿಲ್ಲ. ಮಾಳಢೋಕ ಅದರಲ್ಲಿದೆ. ಎರಡನೆಯ ಪಟ್ಟಿಯವಕ್ಕೆ ಪರವಾನಗಿ ಬೇಕು. ನಿಯಮ ಮುರಿಯುತ್ತಲೇ ಇರುವ ದೇಶದೊಡನೆ ಆ ವ್ಯಾಪಾರ ನಿಲ್ಲಿಸಿರೆಂದು ಉಳಿದವರಿಗೆ ಹೇಳುವ ಪದ್ಧತಿ ಸೈಟಿಸ್‌ನಲ್ಲಿ ಉಂಟು. ಉಳಿದ ಒಪ್ಪಂದಗಳಿಗೆ ಅಷ್ಟು ಬಲವೂ ಇಲ್ಲ. ಅವುಗಳ ಬಳಿ ಪೋಲೀಸರಿಲ್ಲ, ಸೆರೆಮನೆಯಿಲ್ಲ. ವರದಿ ಕೇಳುತ್ತವೆ, ಸಭೆ ಕರೆಯುತ್ತವೆ, ನಾಲ್ಕು ಜನರ ಮುಂದೆ ಉತ್ತರ ಹೇಳುವಂತೆ ಮಾಡುತ್ತವೆ.

2020ರ ಫೆಬ್ರವರಿಯಲ್ಲಿ ಬಾನ್ ಒಪ್ಪಂದದ 13ನೆಯ ಮಹಾಸಭೆ ನಮ್ಮ ಗುಜರಾತಿನ ಗಾಂಧೀನಗರದಲ್ಲಿ ಕೂಡಿತು. ಸಭೆಯ ಲಾಂಛನದ ಗೊಂಬೆ ಮಾಳಢೋಕವೇ. ಅದಕ್ಕೆ ‘ಗಿಬಿ’ ಎಂದು ಹೆಸರಿಟ್ಟಿದ್ದರು. ಅಲ್ಲಿ ಈ ಹಕ್ಕಿಯನ್ನು ಏಷ್ಯಾದ ಆನೆಯೊಡನೆ ಮೊದಲ ಪಟ್ಟಿಗೆ ಸೇರಿಸಿದರು. ಕಾರಣವೇನು? ಥಾರ್ ಮರುಭೂಮಿಯಲ್ಲಿ ಹಕ್ಕಿ ಗಡಿ ದಾಟಿ ಪಾಕಿಸ್ತಾನಕ್ಕೆ ಹೋಗಿಬರುತ್ತದೆ. ಅಲ್ಲಿ ಬೇಟೆಗೆ ಬಲಿಯಾಗುವ ಭಯವಿದೆ. ಆ ದೇಶವೂ ಒಪ್ಪಂದದ ಸದಸ್ಯ. ಪಟ್ಟಿಗೆ ಸೇರಿದ ಮೇಲೆ ಬೇಟೆ ತಡೆಯುವುದು, ನೆಲೆ ಕಾಯುವುದು, ದಾರಿಯ ಅಡ್ಡಿ ನಿವಾರಿಸುವುದು ಇಬ್ಬರ ಹೊಣೆಯೂ ಆಯಿತು.

ಒಪ್ಪಂದ ಒಪ್ಪಂದಕ್ಕೆ ಇಕ್ಕಟ್ಟು

ದಾರಿಯ ಅಡ್ಡಿ ಎಂದೆವಲ್ಲ, ಈಗ ಅತಿ ದೊಡ್ಡ ಅಡ್ಡಿ ವಿದ್ಯುತ್ ತಂತಿ. ಮಾಳಢೋಕದ ಕಣ್ಣುಗಳು ತಲೆಯ ಎರಡು ಬದಿಗಿವೆ. ನೇರ ಮುಂದಿನದು ಅದಕ್ಕೆ ಚೆನ್ನಾಗಿ ಕಾಣದು. ಮೈ ಭಾರವಾದ್ದರಿಂದ ಥಟ್ಟನೆ ಪಕ್ಕಕ್ಕೆ ಹೊರಳಲೂ ಆಗದು. ತಂತಿಗೆ ಬಡಿದು ಸಾಯುತ್ತದೆ. ಈ ತಂತಿಗಳಲ್ಲಿ ಅನೇಕವು ಸೂರ್ಯನ ಮತ್ತು ಗಾಳಿಯ ವಿದ್ಯುತ್ತನ್ನು ಸಾಗಿಸುವಂಥವು. ಭೂಮಿಯ ಬಿಸಿ ತಗ್ಗಿಸಲೆಂದು 2015ರಲ್ಲಿ ಪ್ಯಾರಿಸ್ ಒಪ್ಪಂದವಾಯಿತು. ಅದಕ್ಕಾಗಿ ಕಲ್ಲಿದ್ದಲು ಬಿಟ್ಟು ಸೌರವಿದ್ಯುತ್ತಿನ ಕಡೆಗೆ ಹೋಗಬೇಕಾಗಿದೆ. ಒಂದು ಒಪ್ಪಂದ ಹಕ್ಕಿ ಉಳಿಸು ಎನ್ನುತ್ತದೆ, ಇನ್ನೊಂದರ ದಾರಿ ಹಕ್ಕಿಯ ನೆಲೆಯ ಮೇಲೆಯೇ ಹಾಯುತ್ತದೆ.

ಈ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 2021ರ ಏಪ್ರಿಲ್‌ನಲ್ಲಿ, ಸಾಧ್ಯವಿದ್ದಲ್ಲೆಲ್ಲ ತಂತಿಗಳನ್ನು ನೆಲದೊಳಗೆ ಹಾಕಬೇಕೆಂದೂ ಉಳಿದ ತಂತಿಗಳಿಗೆ ಹಕ್ಕಿಗೆ ಕಾಣುವ ಗುರುತುಫಲಕ ತೂಗಬೇಕೆಂದೂ ಆಜ್ಞೆಯಾಯಿತು. 2024ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ಸಡಿಲಿಸಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಎರಡೂ ಒಳ್ಳೆಯ ಉದ್ದೇಶಗಳೇ ಎದುರುಬದುರಾದಾಗ ನಿರ್ಣಯ ಎಷ್ಟು ಕಠಿಣವೆಂಬುದನ್ನು ವಿದ್ಯಾರ್ಥಿಗಳು ಇದರಿಂದ ಅರಿಯಬೇಕು. ಈ ನಡುವೆ ಜೈಸಲ್ಮೇರಿನ ಸಮ್ ಎಂಬಲ್ಲಿ 2019ರಿಂದ ಮೊಟ್ಟೆ ತಂದು ಮರಿ ಮಾಡಿಸಿ ಸಾಕುವ ಕೆಲಸ ನಡೆದಿದೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿದ್ದು ಒಂದು ಆಶಾಕಿರಣ.

ನಾನ್ನಜದ ಪಾಠ

1979ರಲ್ಲಿ ನಮ್ಮ ಮಾಳಢೋಕ ಅಭಯಾರಣ್ಯ ಘೋಷಿತವಾಯಿತು. ವಿಸ್ತಾರ 8,496 ಚದರ ಕಿಲೋಮೀಟರ್! ಸೊಲ್ಲಾಪುರ ಹಾಗೂ ಅಹ್ಮದನಗರ (ಇಂದಿನ ಅಹಿಲ್ಯಾನಗರ) ಜಿಲ್ಲೆಗಳ ಊರು, ಹೊಲ, ಪೇಟೆಗಳೆಲ್ಲ ಅದರೊಳಗೆ ಬಂದವು. ಜಮೀನು ಮಾರಾಟಕ್ಕೆ, ರಸ್ತೆಗೆ, ಕಟ್ಟಡಕ್ಕೆ ಅಡಚಣೆಯಾದಾಗ ಜನರಿಗೆ ಹಕ್ಕಿಯ ಮೇಲೆಯೇ ಬೇಸರ ಹುಟ್ಟಿತು. ಕೊನೆಗೆ ವಿಸ್ತಾರವನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಅಷ್ಟರಲ್ಲಿ ಬಯಲೂ ಬದಲಾಗಿತ್ತು. ನೀರು ಬಂದಲ್ಲಿ ಕಬ್ಬು, ದ್ರಾಕ್ಷಿ ಬಂದವು, ಗಾಯರಾಣ ಕರಗಿತು. ಬಯಲನ್ನು ಬಂಜರೆಂದು ತಿಳಿದು ಗಿಡ ನೆಟ್ಟದ್ದೂ ಹುಲ್ಲಿನ ಹಕ್ಕಿಗೆ ಹಾನಿಯೇ ಆಯಿತು. ಇಂದು ಅಲ್ಲಿ ಚಿಗರಿ, ತೋಳ ಸುಲಭವಾಗಿ ಕಾಣುತ್ತವೆ; ಯಾರ ಹೆಸರಿನಲ್ಲಿ ಅಭಯಾರಣ್ಯವಾಯಿತೋ ಆ ಹಕ್ಕಿಯೇ ಅಪರೂಪ.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ. ಹೊಲ ಬಿಟ್ಟುಕೊಡಿರೆಂದು ನಾವು ಹೇಳುತ್ತಿಲ್ಲ. ರೈತನ ಹೊಟ್ಟೆಯ ಮೇಲೆ ಹೊಡೆದು ಹಕ್ಕಿ ಉಳಿಯುವುದಿಲ್ಲವೆಂಬುದನ್ನು ನಾನ್ನಜವೇ ತೋರಿಸಿದೆ. ಊರ ಪಾಲಿನ ಗಾಯರಾಣವನ್ನಾದರೂ ಹುಲ್ಲಿಗೇ ಬಿಡೋಣ. ಅದು ದನಕ್ಕೂ ಆದೀತು. ಬೇಸಗೆಯಲ್ಲಿ ಹುಲ್ಲಿಗೆ ಬೆಂಕಿ ಇಡದಿರೋಣ. ನೆಲದ ಮೇಲೆ ಮೊಟ್ಟೆ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸೋಣ. ಪ್ರಾಣಿಗಳಲ್ಲಿ ದಯೆ ಇಡುವುದು ಪ್ರತಿ ಪೌರನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ಅನುಚ್ಛೇದವೂ ಹೇಳುತ್ತದೆ.

ಬಾನ್ ನಗರದಲ್ಲಿ ಬರೆದ ಕಾಗದ ನಾನ್ನಜದ ಒಂದು ಮೊಟ್ಟೆಯನ್ನು ತಾನಾಗಿ ಕಾಯಲಾರದು. ಕಾಗದವಿಲ್ಲದೆ ಗಡಿಯಾಚೆ ಹೋದ ಹಕ್ಕಿಯನ್ನು ನಾವೂ ಕಾಯಲಾರೆವು. ಎರಡೂ ಕೂಡಿದಾಗಲೇ ರಕ್ಷಣೆ.

ವಿಚಾರ ಮಾಡಲು ಪ್ರಶ್ನೆಗಳು

1. ಸಹಿಗೂ ಅನುಮೋದನೆಗೂ ಇರುವ ವ್ಯತ್ಯಾಸವೇನು?
2. ಸೌರವಿದ್ಯುತ್ತೂ ಬೇಕು, ಮಾಳಢೋಕವೂ ಬೇಕು. ನೀವು ನ್ಯಾಯಾಧೀಶರಾಗಿದ್ದರೆ ಏನು ತೀರ್ಪು ಕೊಡುತ್ತಿದ್ದಿರಿ?
3. ನಿಮ್ಮೂರಿನ ಗಾಯರಾಣ ಮೊದಲು ಎಷ್ಟಿತ್ತು, ಈಗ ಎಷ್ಟಿದೆ? ಅಜ್ಜ-ಅಜ್ಜಿಯರನ್ನು ಕೇಳಿ ಬರೆಯಿರಿ. ಅವರು ಮಾಳಢೋಕ ಕಂಡಿದ್ದರೆ ಅದನ್ನೂ ಬರೆಯಿರಿ.