ತೆರೆಯ ಮೇಲಿನ ರೈಲು ಹಳಿ ತಪ್ಪದೇಕೆ?

ಮಕ್ಕಳೇ, ಮೇಜಿನ ಮೇಲೆ ಮರದಿಂದ ಮಾಡಿದ ಆಟದ ರೈಲುಹಳಿ ಇದೆ. ಹಳಿಯ ಮೇಲೆ ರೈಲಿಲ್ಲ. ಆದರೆ ಅಂಗೈಯಗಲದ ಗಣಕವೊಂದರ ಕ್ಯಾಮೆರಾವನ್ನು ಹಳಿಯತ್ತ ಹಿಡಿದರೆ, ಅದರ ತೆರೆಯಲ್ಲಿ ಅದೇ ಹಳಿಯ ಮೇಲೆ ರೈಲು ಓಡುವುದು ಕಾಣುತ್ತದೆ! ಗಣಕವನ್ನು ಅತ್ತಿತ್ತ ಸರಿಸಿದರೂ ರೈಲು ಹಳಿಯ ಮೇಲೆಯೇ ಇರುತ್ತದೆ. 2004ರಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ತಯಾರಾದ ಈ ಆಟದ ಹೆಸರು ‘ಕಾಣದ ರೈಲು’.

ನಿಜವಾದ ದೃಶ್ಯದ ಮೇಲೆ ಗಣಕವು ರಚಿಸಿದ ಚಿತ್ರವನ್ನು ಸರಿಯಾದ ಜಾಗದಲ್ಲಿ ಕೂರಿಸಿ ತೋರಿಸುವ ಈ ತಂತ್ರಕ್ಕೆ ‘ಆಗ್ಮೆಂಟೆಡ್ ರಿಯಾಲಿಟಿ’ ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ‘ವರ್ಧಿತ ವಾಸ್ತವ’ ಎನ್ನಬಹುದು.

ಸರಿಯಾದ ಜಾಗ ತಿಳಿಯುವುದು ಹೇಗೆ?

ಹಳಿಯ ಬಳಿ ದಪ್ಪ ಕಪ್ಪು ಅಂಚಿನ ಚೌಕಗಳನ್ನು ಇಟ್ಟಿರುತ್ತಾರೆ. ಇವೇ ಗುರುತುಗಳು. ಚೌಕದ ನಿಜವಾದ ಅಳತೆ ಗಣಕಕ್ಕೆ ಮೊದಲೇ ಗೊತ್ತು. ಚೌಕವು ಚಿಕ್ಕದಾಗಿ ಕಂಡರೆ ಕ್ಯಾಮೆರಾ ದೂರದಲ್ಲಿದೆ. ದೊಡ್ಡದಾಗಿ ಕಂಡರೆ ಹತ್ತಿರದಲ್ಲಿದೆ. ಒಂದು ಬದಿ ಗಿಡ್ಡವಾಗಿ ಕಂಡರೆ ಓರೆಯಿಂದ ನೋಡುತ್ತಿದೆ. ಹೀಗೆ ನಾಲ್ಕು ಮೂಲೆಗಳಿಂದಲೇ ಕ್ಯಾಮೆರಾ ಎಲ್ಲಿದೆ ಎಂದು ಲೆಕ್ಕ ಹಾಕಬಹುದು. ಈ ಕೆಲಸ ಮಾಡುವ ‘ಎಆರ್‌ಟೂಲ್‌ಕಿಟ್’ ಎಂಬ ತಂತ್ರಾಂಶವನ್ನು ಜಪಾನಿನ ವಿಜ್ಞಾನಿ ಹಿರೊಕಾಜು ಕಾಟೊ 1999ರಲ್ಲಿ ರೂಪಿಸಿದರು.

ಮಾಡಿ ನೋಡಿ

20 ಸೆಂ.ಮೀ. ಬದಿಯ ಚೌಕಾಕಾರದ ಕಾಗದವನ್ನು ಗೋಡೆಗೆ, ನಿಮ್ಮ ಕಣ್ಣಿನ ಎತ್ತರದಲ್ಲಿ ಅಂಟಿಸಿ. 1 ಮೀಟರ್ ದೂರದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಕೈ ಪೂರ್ತಿ ಚಾಚಿ ಅಳತೆಪಟ್ಟಿ ಹಿಡಿಯಿರಿ. ಚೌಕದ ಅಗಲ ಪಟ್ಟಿಯ ಮೇಲೆ ಎಷ್ಟು ಕಾಣುತ್ತದೆ? ಬರೆದುಕೊಳ್ಳಿ. ಈಗ 2 ಮೀಟರ್ ದೂರದಿಂದ ಅಳೆಯಿರಿ. ಸುಮಾರು ಅರ್ಧ ಆಯಿತಲ್ಲವೇ? ಕೊನೆಗೆ ಗೋಡೆಯ ಹತ್ತಿರ ಒಂದು ಪಕ್ಕಕ್ಕೆ ನಿಂತು ಎಡ ಮತ್ತು ಬಲ ಅಂಚುಗಳ ಎತ್ತರ ಅಳೆಯಿರಿ. ಎರಡೂ ಸಮವಾಗಿವೆಯೇ? ಗಣಕ ಮಾಡುವುದೂ ಇದೇ ಅಳತೆಯನ್ನೇ!

ವಿದ್ಯಾರ್ಥಿಗಳಿಗೆ ಎದುರಾದ ತೊಡಕು

ಚಿತ್ರ ಜಾರಬಾರದೆಂದರೆ ಈ ಲೆಕ್ಕವನ್ನು ಸೆಕೆಂಡಿಗೆ ಹಲವು ಬಾರಿ ಮಾಡಬೇಕು. ದೊಡ್ಡ ಗಣಕಗಳಿಗೆ ಅದು ಸುಲಭ. ಆದರೆ 2003ರ ಸುಮಾರಿನ ಅಂಗೈ ಗಣಕಗಳಲ್ಲಿ ದಶಮಾಂಶ ಸಂಖ್ಯೆಗಳ ಲೆಕ್ಕಕ್ಕೆ ಪ್ರತ್ಯೇಕ ಭಾಗವೇ ಇರಲಿಲ್ಲ. ಅಂಥ ಲೆಕ್ಕ ಬಹಳ ನಿಧಾನವಾಗುತ್ತಿತ್ತು. ವಿಯೆನ್ನಾದಲ್ಲಿ ಡೀಟರ್ ಶ್ಮಾಲ್‌ಸ್ಟೀಗ್ ಎಂಬ ಪ್ರಾಧ್ಯಾಪಕರ ವಿದ್ಯಾರ್ಥಿ ಡೇನಿಯಲ್ ವ್ಯಾಗ್ನರ್ ಈ ತೊಡಕನ್ನು ಎದುರಿಸಿದರು. ಲೆಕ್ಕಗಳನ್ನು ಪೂರ್ಣಾಂಕಗಳಲ್ಲಿ ಮಾಡುವಂತೆ ಬದಲಿಸುವುದು ಅವರು ಬಳಸಿದ ಒಂದು ಉಪಾಯ.

ಈ ಉಪಾಯ ನಿಮಗೂ ಗೊತ್ತು. ರೂ. 12.50 ಮತ್ತು ರೂ. 7.75 ಕೂಡಿಸಬೇಕು. ಎರಡನ್ನೂ ಪೈಸೆಗೆ ತಿರುಗಿಸಿದರೆ 1250 + 775 = 2025 ಪೈಸೆ. ಅಂದರೆ ರೂ. 20.25. ದಶಮಾಂಶ ಬಿಂದುವಿನ ಗೊಡವೆಯೇ ಇಲ್ಲ!

ಸ್ವೀಡನ್ ದೇಶದ ಲಿಂಶೋಪಿಂಗ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಆಂಡರ್ಸ್ ಹೆನ್ರಿಸನ್ ಇದೇ ಬಗೆಯ ಲೆಕ್ಕದಿಂದ ಸಾಮಾನ್ಯ ಮೊಬೈಲಿನಲ್ಲೂ ಈ ತಂತ್ರ ನಡೆಯುವಂತೆ ಮಾಡಿದರು. 2005ರಲ್ಲಿ ಅವರು ತಮ್ಮ ಸಂಗಡಿಗರೊಂದಿಗೆ ಟೆನಿಸ್ ಆಟವೊಂದನ್ನು ತಯಾರಿಸಿದರು. ಅದರಲ್ಲಿ ಮೊಬೈಲೇ ಬ್ಯಾಟು! ಚೆಂಡು ತಗುಲಿದಾಗ ಮೊಬೈಲು ನಡುಗುತ್ತಿತ್ತು.

ಇಂದಿನ ಹಲವು ಮೊಬೈಲುಗಳಿಗೆ ಕಪ್ಪು ಚೌಕವೂ ಬೇಕಿಲ್ಲ. ಮೇಜಿನ ಮೂಲೆ, ನೆಲದ ಚಿತ್ತಾರಗಳನ್ನೇ ಅವು ಗುರುತಾಗಿ ಬಳಸಿಕೊಳ್ಳುತ್ತವೆ. ಯಂತ್ರ ಎಷ್ಟೇ ಹೊಸದಾದರೂ ಅದರ ಒಳಗಿರುವುದು ನೀವು ಗೋಡೆಯ ಮುಂದೆ ನಿಂತು ಮಾಡಿದ ಅಳತೆಯೇ.

ಯೋಚಿಸಿ: ಕಪ್ಪು ಚೌಕದ ಒಂದು ಮೂಲೆಯನ್ನು ಬೆರಳಿನಿಂದ ಮುಚ್ಚಿದರೆ ತೆರೆಯ ಮೇಲಿನ ರೈಲು ಏನಾಗಬಹುದು? ಏಕೆ? ಗೆಳೆಯರೊಂದಿಗೆ ಚರ್ಚಿಸಿ.